ಒಕಿನು ಚಿತ್ರದ ಕೆಳಗಿನ ಮೊಳೆ

ತೊಬಾತದ ದೋಣಿಕಟ್ಟೆಯಿಂದ ಐದು ನಿಮಿಷ ನಡೆದರೆ ಯೊಶಿಮಾರು ಅಜ್ಜಿಯ ಆಟದಂಗಡಿ, ನಾಣ್ಯ ಹಾಕಿ ವಿಡಿಯೋ ಗೇಮ್ ಆಡುವ ಜಾಗ. ಅದರ ಒಳಗೋಡೆಯ ಮೇಲೆ ಹದಿನಾರು ಚಿತ್ರಗಳಿವೆ. ‘ಕಬ್ಬಿಣದ ಬಾಗಿಲು’ ಎಂಬ ಕಾದಾಟದ ವಿಡಿಯೋ ಗೇಮಿನ ಹದಿನಾರು ಪಾತ್ರಗಳು ಅವು. ಪ್ರತಿ ಚಿತ್ರದ ಕೆಳಗೂ ಒಂದು ಮೊಳೆ. ಯಾರಾದರೂ ಒಂದು ಪಾತ್ರವನ್ನು ಆಡಿ, ಕ್ಯೂಷು ಸೀಮೆಯ ಪಂದ್ಯ ಗೆದ್ದು ಟೋಕಿಯೊಗೆ ಹೋದರೆ, ಅಜ್ಜಿ ಅವರ ಹೆಸರನ್ನು ಕುಂಚದಲ್ಲಿ ಮರದ ಪಟ್ಟಿಯ ಮೇಲೆ ಬರೆದು ಆ ಪಾತ್ರದ ಮೊಳೆಗೆ ತೂಗುಹಾಕುತ್ತಾಳೆ. ಕತ್ತಿಯ ಹುಡುಗ ರೈಗೆನ್‌ನ ಮೊಳೆ ಪಟ್ಟಿಗಳ ಭಾರಕ್ಕೆ ಬಾಗಿಹೋಗಿದೆ. ಅವುಗಳಲ್ಲಿ ಆರರ ಮೇಲೆ ಇರುವುದು ಔಷಧಿ ಅಂಗಡಿಯ ತೊಕುನಾಗನ ಹೆಸರು. ಹದಿನೈದು ಮೊಳೆಗಳಲ್ಲಿ ತಲಾ ಒಂದಾದರೂ ಪಟ್ಟಿ ಉಂಟು. ಹದಿನಾರನೆಯದು ಇಪ್ಪತ್ತೊಂದು ವರ್ಷದಿಂದ ಖಾಲಿ. ಅದು ಒಕಿನುವಿನದು.

ಒಕಿನು ದೋಣಿಗೆ ಹುಟ್ಟು ಹಾಕುವ ಹೆಂಗಸು, ನಡುವಯಸ್ಸಿನವಳು. ಕೈಯಲ್ಲಿ ಉದ್ದನೆಯ ಹುಟ್ಟುಗೋಲು. ಅದನ್ನು ಎತ್ತುವಷ್ಟರಲ್ಲಿ ಎದುರಾಳಿ ಎರಡೇಟು ಹಾಕಿ ಹಿಂದಕ್ಕೆ ಸರಿದಿರುತ್ತಾನೆ. ಅವಳ ನೆಗೆತವೋ, ಹೊಸ್ತಿಲು ದಾಟಿದ ಹಾಗೆ. ಆಟ ಬಲ್ಲವರು ಬಲಾಬಲದ ಪಟ್ಟಿ ಮಾಡಿದಾಗಲೆಲ್ಲ ಅವಳು ಕೊನೆಯಲ್ಲಿ. ಒಕಬೆ ಶಿಗೆಹಾರು ಆರಿಸಿಕೊಂಡದ್ದು ಅವಳನ್ನು, ಕೊನೆಯವರೆಗೂ ಆಡಿದ್ದು ಅವಳೊಬ್ಬಳನ್ನೇ.

ಒಕಬೆ ತೊಬಾತಕ್ಕೂ ವಕಾಮಾತ್ಸುವಿಗೂ ನಡುವೆ ಓಡುವ ದೋಣಿಯಲ್ಲಿ ಹಗ್ಗ ಕಟ್ಟುವವನು. ಮೂರು ನಿಮಿಷದ ದಾರಿ. ಆ ದಡ ಮುಟ್ಟಿದರೆ ಹಗ್ಗ ಎಸೆ, ಗೂಟಕ್ಕೆ ಸುತ್ತು, ಜನ ಇಳಿಸು, ಬಿಚ್ಚು, ಮತ್ತೆ ಈ ದಡ. ಮೂವತ್ತು ವರ್ಷ ಅವನು ಮಾಡಿದ್ದು ಅಷ್ಟೇ. ಬೆಳಗಿನ ಪಾಳಿ ಮುಗಿದರೆ ಮಧ್ಯಾಹ್ನ ಎರಡಕ್ಕೆ ಅಂಗಡಿಗೆ ಬರುತ್ತಿದ್ದ. ಆಗ ದೋಣಿಯಲ್ಲಿ ದಾಟುವುದಕ್ಕೂ ಒಂದು ಆಟಕ್ಕೂ ಅದೇ ನೂರು ಯೆನ್ ನಾಣ್ಯ. “ಅಲ್ಲಿ ನಾಣ್ಯ ಹಾಕಿದ್ರೆ ಆ ದಡಕ್ಕಾದ್ರೂ ಹೋಗ್ತೀವಿ. ಇಲ್ಲಿ ಹಾಕಿದ್ರೆ ಇದ್ದಲ್ಲೇ ಒದೆ,” ಎಂದು ನಗುತ್ತಿದ್ದ.

ಅಂಗಡಿಯಲ್ಲಿ ಯಂತ್ರಗಳು ಬೆನ್ನಿಗೆ ಬೆನ್ನು ಹಚ್ಚಿ ನಿಂತಿವೆ. ಆಡುವ ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ತೊಕುನಾಗನಿಗೆ ಒಕಬೆ ಮೊದಲು ಪರಿಚಯವಾದದ್ದು ಹಾಗೆಯೇ, ಮುಖವಿಲ್ಲದೆ. ಒಂದು ಮಧ್ಯಾಹ್ನ ತೊಕುನಾಗ ರೈಗೆನ್ ಹಿಡಿದು ಸಾಲಾಗಿ ಹದಿನೇಳು ಆಟ ಗೆದ್ದ. ಹದಿನೇಳು ಸಲವೂ ಎದುರಿಗೆ ಅದೇ ಹುಟ್ಟುಗೋಲಿನ ಹೆಂಗಸು. ಹದಿನೆಂಟನೆಯ ನಾಣ್ಯದ ಸದ್ದು ಕೇಳಿದಾಗ ತಡೆಯಲಾರದೆ ಎದ್ದು ಯಂತ್ರದ ಆಚೆ ಇಣುಕಿದ. ದಪ್ಪ ಕೈಗಳ, ಬಿಸಿಲಿಗೆ ಸುಟ್ಟ ಮುಖದ ಮನುಷ್ಯ.

“ರೀ, ಬೇರೆ ಪಾತ್ರ ತಗೊಳ್ಳಿ. ಇವಳಿಂದ ಆಗಲ್ಲ.”

ಮನುಷ್ಯ ತಲೆ ಎತ್ತಲಿಲ್ಲ. “ಏನ್ ಕೆಲಸ ನಿಂದು?”

“ಔಷಧಿ ಅಂಗಡಿ.”

“ಹಂಗಾದ್ರೆ ಕೇಳಿದೋರಿಗೆ ಗುಳಿಗೆ ಕೊಡು. ನಾನು ಕೇಳ್ಲಿಲ್ಲ. ಹೋಗಿ ಕೂತ್ಕೋ.”

ಅಂದಿನಿಂದ ತೊಕುನಾಗನ ಹೆಸರು ‘ಗುಳಿಗೆ’ ಎಂದೇ ಆಯಿತು. ಹದಿನೆಂಟನೆಯ ಆಟವನ್ನು ಒಕಬೆ ಗೆದ್ದ.

ಪ್ರತಿ ಯಂತ್ರದ ಪಕ್ಕದಲ್ಲೂ ದಾರ ಕಟ್ಟಿದ ಒಂದು ನೋಟ್‌ಬುಕ್ಕು. ಆಡಿದವರು ಮನಸ್ಸಿಗೆ ತೋಚಿದ್ದನ್ನು ಬರೆದು ಹೋಗುವ ರೂಢಿ. ಬೈಗುಳ, ಬಿಡಿಸಿದ ಚಿತ್ರ, ಸವಾಲು, ಯಾರದೋ ಪರೀಕ್ಷೆಯ ಫಲಿತಾಂಶ. ಒಕಬೆಯ ಬರಹ ಮಾತ್ರ ಹಡಗಿನ ದಿನಚರಿಯಂತೆ. “ಮೂವತ್ತೊಂದು ಸೋಲು, ಎರಡು ಗೆಲುವು. ಒಕಿನು ದುರ್ಬಲಳಲ್ಲ. ಕುಣಿಯಲಾರದವನು ನೆಲ ಡೊಂಕು ಎನ್ನಬಾರದು.” ಕೆಳಗೆ ಕಂಡುಕೊಂಡ ಹೊಸ ಮರ್ಮ. ಎದುರಾಳಿಯ ಏಟು ಮೈಗೆ ತಾಗುವುದಕ್ಕೆ ಕಣ್ಣೆವೆ ಮಿಟುಕಿಸುವಷ್ಟು ಮೊದಲು ಒಕಿನು ಹುಟ್ಟನ್ನು ನೆಲಕ್ಕೆ ಊರಿದರೆ, ಆ ಏಟಿನ ಬಲವೆಲ್ಲ ತಿರುಗಿ ಏಟು ಕೊಟ್ಟವನಿಗೇ ಬಡಿಯುತ್ತದೆ. ಆಟ ಮಾಡಿದವರು ಇಟ್ಟ ಹೆಸರು ಬೇರೇನೋ ಇತ್ತು. ಒಕಬೆ ಅದನ್ನು ‘ದೋಣಿ ತಿರುಗಿಸೋದು’ ಎನ್ನುತ್ತಿದ್ದ. ಹಗ್ಗ ಎಸೆದೂ ಎಸೆದೂ ಅವನ ಕೈಗೆ ಆ ಗಳಿಗೆ ಗೊತ್ತಿತ್ತು.

ಇಡೀ ದೇಶದಲ್ಲಿ ಒಕಿನುವನ್ನು ನೆಚ್ಚಿಕೊಂಡವರು ಆಗ ಮೂರೇ ಜನ. ಇಲ್ಲಿ ಒಕಬೆ. ಹಿಮೆಜಿಯಲ್ಲಿ ನೂಡಲ್ ಅಂಗಡಿ ಇಟ್ಟಿದ್ದ ತೊಕಿವಾ ಎಂಬ ಹೆಂಗಸು. ನೀಗಾತದಲ್ಲಿ ಅಂಚೆಯವನಾದ ಮಾಯೆಕಾವಾ. ಮೂವರೂ ತಮ್ಮ ತಮ್ಮ ಊರಿನ ನೋಟ್‌ಬುಕ್ಕಿನ ಹಾಳೆಗಳನ್ನು ನಕಲು ಮಾಡಿ ಅಂಚೆಯಲ್ಲಿ ಒಬ್ಬರಿಗೊಬ್ಬರು ಕಳಿಸುತ್ತಿದ್ದರು. ಒಂಬತ್ತು ವರ್ಷ ಹಾಗೆ ನಡೆಯಿತು. ಮೊದಲು ಮಾಯೆಕಾವಾ ಪಾತ್ರ ಬದಲಿಸಿದ, ಎರಡು ವರ್ಷದ ಮೇಲೆ ತೊಕಿವಾ. ಇಬ್ಬರೂ ಕ್ಷಮೆ ಕೇಳಿ ಕಾಗದ ಬರೆದರು. ಇಬ್ಬರಿಗೂ ಒಕಬೆ ಕಳಿಸಿದ್ದು ಒಂದೇ ಉತ್ತರ: “ಹೋಗಿ ಬನ್ನಿ. ದೋಣಿ ಇಲ್ಲೇ ಇರುತ್ತದೆ.”

ಅವನಿಗೆ ಬೇಕಾಗಿದ್ದದ್ದು ಆ ಮೊಳೆಯ ಮೇಲೆ ಒಂದು ಪಟ್ಟಿ. ಟೋಕಿಯೊದಲ್ಲಿ ಗೆಲ್ಲುವ ಆಸೆಯೇನೂ ಅವನಿಗಿರಲಿಲ್ಲ. ಹದಿನೈದು ಪಾತ್ರಗಳು ಹೋದ ಊರಿಗೆ ಹದಿನಾರನೆಯದೂ ಹೋಗಬೇಕು, ಅಷ್ಟೇ. “ಅವಳನ್ನ ಸುಮ್ನೆ ಆಟದಲ್ಲಿ ಇಟ್ಟಿದಾರಾ? ದಾಟ್ಸೋ ಕೆಲಸ ಮಾಡೋಳೇ ಈ ದಡದಲ್ಲಿ ಉಳೀಬೇಕಾ?” ಎಂದು ಒಮ್ಮೆ ಜಗಳಕ್ಕೆ ನಿಂತವನಂತೆ ಕೇಳಿದ್ದ. 

ಐವತ್ತೆರಡನೆಯ ವಯಸ್ಸಿಗೆ ಅವನು ಸೀಮೆಯ ಪಂದ್ಯದ ಕೊನೆಯ ಸುತ್ತಿಗೆ ಬಂದ. ಇನ್ನೊಂದು ಗೆಲುವು, ಟೋಕಿಯೊ. ಎದುರಿಗೆ ತೊಕುನಾಗ. ಪಂದ್ಯ ನಡೆದದ್ದು ಅಜ್ಜಿಯ ಅಂಗಡಿಯಲ್ಲೇ, ಭಾನುವಾರ ಮಧ್ಯಾಹ್ನ. ಜನ ಬಾಗಿಲಾಚೆಗೂ ನಿಂತಿದ್ದರು. ನಿಯಮ ಇಷ್ಟೇ: ಮೂರು ಆಟದಲ್ಲಿ ಎರಡು ಗೆದ್ದವನು ಗೆದ್ದ. ಆರಿಸಿದ ಪಾತ್ರ ಆರಿಸಿದ್ದೇ. ಒಂದು ಆಟ ಸೋತವನು ಮಾತ್ರ ಮುಂದಿನ ಆಟಕ್ಕೆ ಪಾತ್ರ ಬದಲಿಸಬಹುದು.

ಮೂರು ವಾರದ ಹಿಂದಷ್ಟೇ ಆಟದ ಹೊಸ ಆವೃತ್ತಿ ಬಂದಿತ್ತು. ಪಾತ್ರ ಆರಿಸುವ ಪರದೆಯಲ್ಲಿ ಚಿತ್ರಗಳ ಜಾಗ ಅದಲುಬದಲಾಗಿತ್ತು. ಒಕಬೆ ನೋಟ್‌ಬುಕ್ಕಿನಲ್ಲಿ ಬರೆದೂ ಇದ್ದ: “ಒಕಿನು ಮನೆ ಬದಲಿಸಿದ್ದಾಳೆ. ಕೆಳಗೆ ಒಂದು, ಬಲಕ್ಕೆ ಮೂರು.” ಮೂರು ವಾರ ಸರಿಯಾಗಿಯೇ ಆಡಿದ್ದ. ಆದರೆ ಅಂದು, ಅಷ್ಟು ಜನರ ನಡುವೆ, ಇಪ್ಪತ್ತು ವರ್ಷದ ಹಳೆಯ ಕೈ ಹಳೆಯ ದಾರಿಯನ್ನೇ ಹಿಡಿಯಿತು. ಕೆಳಗೆ ಎರಡು, ಬಲಕ್ಕೆ ಒಂದು, ಗುಂಡಿ ಒತ್ತು.

ಈ ಬದಿಯಲ್ಲಿ ಕುಳಿತ ತೊಕುನಾಗ ಪರದೆ ನೋಡಿ ಕಣ್ಣುಜ್ಜಿಕೊಂಡ. ತನ್ನ ರೈಗೆನ್ ಎದುರಿಗೆ ಇನ್ನೊಬ್ಬ ರೈಗೆನ್. ಒಕಿನು ಇದ್ದ ಮನೆಗೆ ಈಗ ಬಂದು ಕೂತಿದ್ದವನು ಅವನೇ, ಆಟದಲ್ಲಿ ಎಲ್ಲರಿಗಿಂತ ಬಲಿಷ್ಠ.

ಅಂಗಡಿ ಗೊಳ್ಳೆಂದಿತು. “ಒಕಬೆ-ಸಾನ್, ದೇವರೇ ಕೊಟ್ಟ! ಬಿಡ್ಬೇಡಿ!” “ಅದ್ರಲ್ಲೇ ಆಡಿ, ಟೋಕಿಯೊ ಸಿಕ್ಕಿತು ಅನ್ಕೊಳ್ಳಿ!”

ತೊಕುನಾಗ ಎದ್ದು ನಿಂತ. “ಅಜ್ಜಿ, ಕೈ ತಪ್ಪಿದೆ. ಮತ್ತೆ ಆರಿಸ್ಲಿ. ನನಗೇನೂ ಅಡ್ಡಿ ಇಲ್ಲ.”

ಅಜ್ಜಿ ಬಾಯಿ ತೆರೆಯುವ ಮೊದಲೇ ಯಂತ್ರದ ಆಚೆಯಿಂದ ದನಿ ಬಂತು. “ಲೋ ಗುಳಿಗೆ, ಕೂತ್ಕೊಳ್ಳೋ. ನಿನ್ನ ಹತ್ರ ಯಾರು ಭಿಕ್ಷೆ ಕೇಳಿದ್ರು?”

ಆಟ ಶುರುವಾಯಿತು. ಎದುರಿನ ರೈಗೆನ್ ಅಲುಗಲಿಲ್ಲ. ಕತ್ತಿ ಇಳಿಬಿಟ್ಟು ಮರದ ಗೊಂಬೆಯಂತೆ ನಿಂತೇ ಇದ್ದ. ನೋಡುತ್ತಿದ್ದವರು ಆಮೇಲೆ ಹೇಳಿದರು, ಒಕಬೆ ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ದೋಣಿಗೆ ಕಾಯುವವನಂತೆ ಕುಳಿತಿದ್ದನಂತೆ. ತೊಕುನಾಗನಿಗೆ ಅದು ಕಾಣಲಿಲ್ಲ. ಆದರೂ ಅರ್ಥವಾಯಿತು. ಒಕಿನು ಬೇಕಾದರೆ ಈ ಆಟ ಸೋಲಬೇಕು. ರೈಗೆನ್‌ನಿಂದ ಗೆದ್ದರೆ ಹೆಸರು ಹೋಗುವುದು ರೈಗೆನ್‌ನ ಮೊಳೆಗೆ. ಗಡಿಯಾರ ಇಳಿಯುತ್ತಿತ್ತು. ತೊಕುನಾಗನ ಬೆರಳು ಏಳಲೊಲ್ಲದು.

“ಹೊಡಿಯೋ!” ಆಚೆಯಿಂದ ಗುಡುಗಿತು. “ನನ್ನ ಹೊತ್ತು ಯಾಕೆ ಹಾಳು ಮಾಡ್ತೀಯಾ?”

ತೊಕುನಾಗ ಹೊಡೆದ. ನಿಂತ ಮನುಷ್ಯನಿಗೆ ಹೊಡೆದ ಹಾಗಿತ್ತು. ಗುಂಪಿನಲ್ಲಿ ಯಾರೋ “ಮುದುಕನಿಗೆ ತಲೆ ಕೆಟ್ಟಿದೆ” ಎಂದರು. “ಕೆಟ್ಟಿದ್ರೆ ಅವನ ತಲೆ, ನಿಂದೇನು ಹೋಯ್ತು?” ಎಂದಳು ಅಜ್ಜಿ.

ಎರಡನೆಯ ಆಟ. ಕೆಳಗೆ ಒಂದು, ಬಲಕ್ಕೆ ಮೂರು. ಒಕಿನು ಹುಟ್ಟು ಹೊತ್ತು ಬಂದಳು.  ಆ ಆಟವನ್ನು ನೋಡಿದವರು ಇಂದಿಗೂ ಎಣಿಸುತ್ತಾರೆ: ಒಂಬತ್ತು ಸಲ ದೋಣಿ ತಿರುಗಿಸಿದ, ಒಂಬತ್ತಕ್ಕೆ ಒಂಬತ್ತು. ತೊಕುನಾಗ ತನ್ನ ಏಟನ್ನೇ ತಾನು ತಿಂದು ಮಲಗಿದ. ಬಾಗಿಲಲ್ಲಿ ನಿಂತಿದ್ದವರು ಕುಣಿದುಬಿಟ್ಟರು. ಮೊದಲ ಆಟದಲ್ಲಿ ನಕ್ಕವರೂ ಕುಣಿದರು.

ಮೂರನೆಯದರ ಕೊನೆಗೆ ಇಬ್ಬರಲ್ಲೂ ಉಳಿದದ್ದು ಒಂದೇ ಏಟಿನಷ್ಟು ಜೀವ. ಯಾರು ಮುಟ್ಟಿಸಿದರೂ ಮುಗಿಯಿತು. ಆಗ ತೊಕುನಾಗನಿಗೆ ನೋಟ್‌ಬುಕ್ಕಿನ ಒಂದು ಸಾಲು ನೆನಪಾಯಿತು, ಒಕಬೆಯೇ ತನ್ನ ಕೈಯಾರೆ ಎಲ್ಲರೂ ಓದಲೆಂದು ಬರೆದದ್ದು: “ಹೊಡೆಯುವಂತೆ ಒಂದು ಹೆಜ್ಜೆ ಮುಂದಿಟ್ಟು ಹೊಡೆಯದೆ ನಿಂತರೆ, ನನ್ನ ಒಕಿನು ಅವಸರಕ್ಕೆ ಬಿದ್ದು ಮೊದಲೇ ಹುಟ್ಟು ಊರುತ್ತಾಳೆ. ಇದು ನನ್ನ ದೋಷ, ಅವಳದಲ್ಲ.” ತೊಕುನಾಗ ಒಂದು ಹೆಜ್ಜೆ ಮುಂದಿಟ್ಟು ನಿಂತ. ಹುಟ್ಟು ನೆಲ ಕಚ್ಚಿತು, ಖಾಲಿ ಗಾಳಿಗೆ. ರೈಗೆನ್‌ನ ಕತ್ತಿ ಇಳಿಯಿತು.

ಒಕಬೆ ಎದ್ದು ಈ ಬದಿಗೆ ಬಂದ. ತೊಕುನಾಗ ತಲೆ ತಗ್ಗಿಸಿದ್ದ.

“ಓದಿದ್ಯಾ?” ಎಂದ ಒಕಬೆ.

“ಓದಿದ್ದೆ.”

“ಒಳ್ಳೇದು. ಬರ್ದಿದ್ದು ಓದೋಕೆ ತಾನೇ. ಈಗೇನಾದ್ರೂ ಬಿಟ್ಟುಕೊಟ್ಟಿದ್ರೆ ನಿನ್ನ ಮುಖ ನೋಡ್ತಿರ್ಲಿಲ್ಲ ನಾನು.” ಜೇಬಿನಿಂದ ಇನ್ನೊಂದು ನಾಣ್ಯ ತೆಗೆದ. “ಬಾ, ಪಂದ್ಯ ಮುಗೀತಲ್ಲ, ಈಗ ಆಡೋಣ.”

ಆ ವರ್ಷ ಟೋಕಿಯೊಗೆ ಹೋದದ್ದು ತೊಕುನಾಗ. ಮುಂದಿನ ವರ್ಷದ ಪಂದ್ಯದ ಹೊತ್ತಿಗೆ ಒಕಬೆಯ ಶ್ವಾಸಕೋಶ ಕೈಕೊಟ್ಟಿತ್ತು. ಆಸ್ಪತ್ರೆಗೆ ಹೋದಾಗ ತೊಕುನಾಗ ಬಿಸಿ ಡಬ್ಬಿ ಕಾಫಿ ಒಯ್ಯುತ್ತಿದ್ದ. ಒಕಬೆ ಅದನ್ನು ಕುಡಿಯಲಾರದೆ, ಅಂಗೈಯಲ್ಲಿ ಹಿಡಿದು ಕೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದ. ರೋಗದ ಮಾತು ಬಂದರೆ ಮುಖ ತಿರುಗಿಸುತ್ತಿದ್ದ. ಹೊದಿಕೆಯ ಮೇಲೆ ಅವನ ಬೆರಳು ಮಾತ್ರ ಆಡುತ್ತಿತ್ತು. ಕೆಳಗೆ ಒಂದು, ಬಲಕ್ಕೆ ಮೂರು.

“ಈಗ ಸರಿ ಹೋಯ್ತು ನೋಡೋ,” ಎಂದ ಒಂದು ದಿನ. “ಕೈ ಕಲೀತು. ಸ್ವಲ್ಪ ತಡ ಆಯ್ತು, ಅಷ್ಟೇ.”

ಹನ್ನೊಂದು ದಿನದ ಮೇಲೆ ಹೋಗಿಬಿಟ್ಟ.

ಅಂತ್ಯಕ್ರಿಯೆ ಮುಗಿದ ಮುಂದಿನ ಶನಿವಾರ ಅಂಗಡಿಯಲ್ಲಿ ಎಲ್ಲರೂ ಸೇರಿದ್ದರು. ಒಕಬೆಯ ಅಕ್ಕ ಸುಮಿಯೆ ಬಂದಿದ್ದಳು. ತಮ್ಮ ಬರೆದು ತುಂಬಿಸಿದ್ದ ಹಳೆಯ ನೋಟ್‌ಬುಕ್ಕುಗಳು ಅವನ ಮನೆಯಲ್ಲಿ ಸಿಕ್ಕಿದ್ದವು. ಅವನ್ನು ಅಂಗಡಿಗೆ ಒಪ್ಪಿಸಲು ಬಂದದ್ದು. ಯೊಶಿಮಾರು ಅಜ್ಜಿ ಒಳಗಿನಿಂದ ಒಂದು ಮರದ ಪಟ್ಟಿ ತಂದಳು. ಮಸಿ ಇನ್ನೂ ಹೊಸದು. ಒಕಬೆ ಶಿಗೆಹಾರು. ಸ್ಟೂಲು ಎಳೆದು ಹತ್ತಿ ಒಕಿನುವಿನ ಮೊಳೆಯತ್ತ ಕೈ ಚಾಚಿದಳು. ಜನ ತಲೆಯಾಡಿಸಿದರು. ಒಬ್ಬಿಬ್ಬರು ಕಣ್ಣೊರೆಸಿಕೊಂಡರು.

“ಅಜ್ಜಿ, ಬೇಡ,” ಎಂದ ತೊಕುನಾಗ. ಅವನ ದನಿ ಅವನಿಗೇ ಒರಟೆನಿಸಿತು.

“ಯಾಕೋ? ಸತ್ತವನ ಮೇಲೂ ಹಗೆಯಾ? ಆರು ಪಟ್ಟಿ ಇವೆ ನಿಂದು. ಅವನಿಗೆ ಒಂದಾದ್ರೂ ಬೇಡ್ವಾ?”

ಸುಮಿಯೆ ನಡುವೆ ಬಂದಳು. “ಆ ಪಟ್ಟಿ ಯಾರಿಗೆ ಹಾಕ್ತಾರೆ?”

“ಗೆದ್ದು ಟೋಕಿಯೊಗೆ ಹೋದೋರಿಗೆ.”

“ಇವನು ಗೆದ್ದಿದ್ನಾ?”

 ತೊಕುನಾಗನೇ ಹೇಳಬೇಕಾಯಿತು. “ಇಲ್ಲಮ್ಮ. ನಾನೇ ಸೋಲಿಸಿದ್ದು.”

“ಹಂಗಾದ್ರೆ ಇಳೀರಿ ಅಜ್ಜಿ. ಬಲವಾದವನು ಕೈಗೆ ಸಿಕ್ಕಿದ್ರೂ ಬಿಟ್ಟು ಕೂತೋನು ಅವನು. ಆ ಕತೆ ನನಗೂ ಹೇಳಿದಾನೆ. ಅವತ್ತು ಬೇಡ ಅಂದಿದ್ದನ್ನ ಈಗ, ಬೇಡ ಅನ್ನೋಕೆ ಅವನಿಲ್ಲ ಅಂತ, ಮೇಲೆ ಹೇರ್ತೀರಾ?” ಅವಳು ಪಟ್ಟಿಯನ್ನು ಇಸಿದುಕೊಂಡು ಚೀಲಕ್ಕೆ ಹಾಕಿದಳು. “ನಮ್ಮ ಅಡುಗೆಮನೆ ಬಾಗಿಲು ಗಾಳಿಗೆ ಬಡ್ಕೊಳ್ಳತ್ತೆ, ಸಂದಿಗೆ ಇಡ್ತೀನಿ.” ಆಮೇಲೆ ಗೋಡೆಯ ಹತ್ತಿರ ಹೋಗಿ, ಒಕಿನು ಚಿತ್ರದ ಕೆಳಗಿನ ಮೊಳೆಯನ್ನು ಬೆರಳಲ್ಲಿ ಅಲ್ಲಾಡಿಸಿದಳು. ತುಕ್ಕು ಉದುರಿತು. “ಇದನ್ನ ಕಿತ್ತು ಬೇರೆ ಹೊಡೀರಿ. ಯಾರಾದ್ರೂ ಗೆದ್ದ ದಿನ ಪಟ್ಟಿ ಬಿದ್ದುಹೋದೀತು.”

ಹೊಸ ಮೊಳೆಯನ್ನು ತೊಕುನಾಗ ಹೊಡೆದ. ಮೂರಂಗುಲದ್ದು, ಗಟ್ಟಿ. ಸ್ಟೂಲಿನಿಂದ ಇಳಿದವನು ನೇರ ಯಂತ್ರದ ಮುಂದೆ ಕುಳಿತು ನಾಣ್ಯ ಹಾಕಿದ. ಎದುರಿಗೆ ಯಾರು ಕುಳಿತರೆಂದು ನೋಡಲೂ ಇಲ್ಲ. ಕೆಳಗೆ ಒಂದು, ಬಲಕ್ಕೆ ಮೂರು.

“ಲೋ,” ಎಂದಳು ಅಜ್ಜಿ, “ನಲವತ್ತಾರಕ್ಕೆ ಬಂದು ಪಾತ್ರ ಬದಲಾಯಿಸ್ತೀಯಾ? ಒದೆ ತಿಂತೀಯಾ ಅಷ್ಟೇ.”

“ನೀರಿಗಿಳಿದ ಮೇಲೆ ಚಳಿ ಏನು ಅಜ್ಜಿ.”

ಒಕಿನು ಹುಟ್ಟನ್ನು ಎತ್ತುವಷ್ಟರಲ್ಲಿ ಎರಡೇಟು ಬಿತ್ತು. ಅಂಗಡಿ ಮುಚ್ಚುವ ಮೊದಲು ಅವನು ನೋಟ್‌ಬುಕ್ಕು ತೆರೆದು ಬರೆದ: “ನಲವತ್ತು ಸೋಲು. ಗೆಲುವಿಲ್ಲ. ಒಕಿನು ದುರ್ಬಲಳಲ್ಲ.” ಹಿಂದಿನಿಂದ ಇಣುಕುತ್ತಿದ್ದ ಸುಮಿಯೆ ಪೆನ್ನು ಕಿತ್ತುಕೊಂಡು ಕೆಳಗೆ ಸೇರಿಸಿದಳು: “ನೀನು ದುರ್ಬಲ. ನಾಳೆ ಬೇಗ ಬಾ.”