ಬೆಲ್ಟಿನ ಸದ್ದಿನ ಜಾಡು ಹಿಡಿದು ಚಿಂತಾಮಣಿಗೆ

ಭಾನುವಾರ ಬೆಳಿಗ್ಗೆ ಏಳೂವರೆಗೆ ಚಿಕ್ಕಬಳ್ಳಾಪುರದ ಮನೆಯಿಂದ ಸ್ಕೂಟರ್ ಹೊರಗೆ ತೆಗೆದೆ. ಚಳಿ ಇನ್ನೂ ಬಿಟ್ಟಿರಲಿಲ್ಲ. ಸ್ವೆಟರಿನ ಮೇಲೆ ಶಾಲು ಸುತ್ತಿಕೊಂಡಿದ್ದೆ. ಸ್ಟಾರ್ಟ್ ಮಾಡಿದೊಡನೆ ಎಡಗಡೆಯಿಂದ ಕಿರ್ ಕಿರ್ ಸದ್ದು ಶುರುವಾಯಿತು. ಗಾಡಿ ಮುಂದಕ್ಕೆ ಹೊರಟಾಗ ಅದೇ ಸದ್ದು ‘ಕೀ’ ಎಂದು ಉದ್ದಕ್ಕೆ ಎಳೆದುಕೊಂಡಿತು. ಎದುರುಮನೆಯ ನಾಯಿ ಎದ್ದು ನಿಂತಿತು.

“ಚಿಂತಾಮಣಿವರೆಗೂ ಯಾಕೆ ಹೋಗ್ತೀಯ? ನಾಳೆ ನಾನೇ ಇಲ್ಲೆಲ್ಲಾದ್ರೂ ತೋರಿಸ್ತೀನಿ ಬಿಡು,” ಎಂದರು ನನ್ನ ಗಂಡ ವೆಂಕಟೇಶ್, ಗೇಟು ಹಿಡಿದುಕೊಂಡು.

“ಒಂದು ತಿಂಗಳಿಂದ ತೋರಿಸ್ತಾನೇ ಇದ್ದೀರಲ್ಲ,” ಎಂದು ಹೊರಟೆ.

ನಾನು ಹೋಗಬೇಕಾಗಿದ್ದುದು ವಿಮಲಳ ಮನೆಗೆ. ಗೌರಿಬಿದನೂರಿನ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ನಾನು ಗಣಿತ ಹೇಳಿಕೊಟ್ಟೆ, ಅವಳು ಕನ್ನಡ. ಮಧ್ಯಾಹ್ನದ ಡಬ್ಬಿಯನ್ನು ಇಬ್ಬರೂ ಒಟ್ಟಿಗೇ ಬಿಚ್ಚುತ್ತಿದ್ದೆವು. ಚಿಂತಾಮಣಿಗೆ ವರ್ಗವಾದಾಗ ಅವಳು ತನ್ನ ಸ್ಕೂಟರನ್ನು ನನಗೆ ಮಾರಿದಳು. ನಾನು ಶಾಲೆಗೆ ಹೋಗಿ ಬರುವುದು ಬಸ್ಸಿನಲ್ಲಿ. ಬೆಳಿಗ್ಗೆ ಹೊರಟರೆ ಮನೆ ಸೇರುವುದು ಸಂಜೆ ಆರೂವರೆಗೆ. ಸ್ಕೂಟರ್ ಬೇಕಾಗಿದ್ದುದು ತರಕಾರಿಗೆ, ಮದುವೆ ಮುಂಜಿಗೆ, ಅಷ್ಟೇ. “ಬೆಲ್ಟ್ ಈಗ್ತಾನೇ ಹೊಸದು ಹಾಕಿಸಿದ್ದೀನಿ ಕಣೇ, ಮೂರು ವರ್ಷ ನೋಡೋ ಹಾಗಿಲ್ಲ,” ಎಂದಿದ್ದಳು.

ಈ ಗಾಡಿಗಳಿಗೆ ಗೇರಿಲ್ಲ. ಎಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಶಕ್ತಿ ಸಾಗಿಸುವುದು ಎರಡು ಪುಲ್ಲಿಗಳ ನಡುವಿನ ಒಂದು ರಬ್ಬರ್ ಬೆಲ್ಟು. ಆ ಬೆಲ್ಟು ಮೂರು ವರ್ಷವಿರಲಿ, ಮೂರನೇ ತಿಂಗಳಿಗೇ ಕೂಗತೊಡಗಿತು. ಪೆಟ್ರೋಲೂ ನನ್ನ ಲೆಕ್ಕಕ್ಕೆ ಸಿಗದಂತೆ ಖಾಲಿಯಾಗುತ್ತಿತ್ತು. ನಮ್ಮ ಬೀದಿಯ ಮೆಕ್ಯಾನಿಕ್ ಗಾಡಿ ಬಿಚ್ಚಲೂ ಇಲ್ಲ. ಕಿವಿಗೊಟ್ಟು ಕೇಳಿ, “ಹಳೇ ಬೆಲ್ಟ್ ಮೇಡಂ, ಯಾರೋ ನಿಮಗೆ ಟೋಪಿ ಹಾಕಿದ್ದಾರೆ,” ಎಂದ. ಅದೇ ಸಂಜೆ ವಿಮಲಳಿಗೆ ಫೋನ್ ಮಾಡಿದೆ. ಹೇಗಿದ್ದೀಯ ಎಂದೂ ಕೇಳದೆ, “ಬೆಲ್ಟ್ ಹಾಕಿಸಿದ್ದಕ್ಕೆ ಬಿಲ್ ಇದೆಯಾ?” ಎಂದೆ. ಅವಳು, “ಇದೆ. ಮನೆಗೆ ಬಾ, ತೋರಿಸ್ತೀನಿ,” ಎಂದು ಫೋನಿಟ್ಟಳು. ಇದ್ದಿದ್ದರೆ ಫೋಟೋ ತೆಗೆದು ಕಳಿಸುತ್ತಿದ್ದಳು, ಅದೂ ಸುಳ್ಳೇ ಎಂದುಕೊಂಡೆ.

ಶಿಡ್ಲಘಟ್ಟಕ್ಕೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು ದಾರಿ. ಎರಡೂ ಕಡೆ ಹಿಪ್ಪುನೇರಳೆ ತೋಟಗಳ ಮೇಲೆ ಇಬ್ಬನಿ ಕೂತಿತ್ತು. ನಲವತ್ತರ ವೇಗದಲ್ಲಿ ಸದ್ದು ಅಡಗುತ್ತಿತ್ತು. ಹಂಪ್ ದಾಟಿ ಮತ್ತೆ ವೇಗ ಏರಿಸಿದರೆ ಹೆಚ್ಚುತ್ತಿತ್ತು. ಶಿಡ್ಲಘಟ್ಟ ಮುಟ್ಟುವ ಹೊತ್ತಿಗೆ ಗಾಡಿ ಜಗ್ಗತೊಡಗಿತು. ಬೆಲ್ಟು ಹರಿದು ನಡುದಾರಿಯಲ್ಲಿ ನಿಂತರೆ ಏನು ಗತಿ ಎಂದು ಒಂದು ಹೋಟೆಲಿನ ಪಕ್ಕದ ಗ್ಯಾರೇಜಿಗೆ ತಿರುಗಿಸಿದೆ.

ಗ್ಯಾರೇಜು ನಯಾಜ್ ಎಂಬುವವರದು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. “ತಿಂಡಿ ತಿಂದು ಬನ್ನಿ ಮೇಡಂ,” ಎಂದರು. ನಾನು ಹೋಗಲಿಲ್ಲ. ಅತ್ತ ಹೋದರೆ ಇತ್ತ ಏನು ಬದಲಾಯಿಸುತ್ತಾರೋ ಎಂದು ಸ್ಟೂಲ್ ಎಳೆದುಕೊಂಡು ಎದುರಿಗೇ ಕುಳಿತೆ. ಅವರು ನಕ್ಕು ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ ಸ್ಟಾರ್ಟ್ ಮಾಡಿದರು. ಸ್ಕ್ರೂಡ್ರೈವರಿನ ತುದಿಯನ್ನು ಎಡಬದಿಯ ಮುಚ್ಚಳಕ್ಕೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಮುಂದಿನಿಂದ ಹಿಂದಿನವರೆಗೂ ಕೇಳಿದರು. “ಹಿಂದುಗಡೆ ಪುಲ್ಲಿ ಹತ್ರ ಕೂಗ್ತಾ ಇದೆ. ಬಿಚ್ಚಣ.”

ಮುಚ್ಚಳ ಬಂತು. ಬೆಲ್ಟನ್ನು ಕೈಯಲ್ಲಿ ಮಡಚಿ ನನ್ನ ಮುಂದೆ ಹಿಡಿದರು. “ನೋಡಿ, ಒಂದು ಬಿರುಕಿಲ್ಲ. ಮೇಲಿನ ಅಕ್ಷರ ಕೂಡ ಅಳಿಸಿಲ್ಲ. ತಿರುಗೋ ದಿಕ್ಕು ತೋರಿಸೋ ಬಾಣದ ಗುರುತೂ ಸರಿಯಾಗೇ ಇದೆ. ಹೊಸ ಬೆಲ್ಟೇ ಇದು.”

“ಹಾಗಾದ್ರೆ ಸದ್ದು?”

ಅವರು ಪುಲ್ಲಿಯ ಹಿಂದೆ ಇಕ್ಕಳ ತೂರಿಸಿ ಬೂದು ಬಣ್ಣದ ಏನನ್ನೋ ಎಳೆದರು. ಹಗ್ಗದಂತೆ ಹೊಸೆದುಕೊಂಡಿದ್ದ ಎಳೆ ಗೇಣುದ್ದ ಬಂತು. ಇನ್ನೂ ಬಂತು. ತುದಿಗೆ ಬೆಂಕಿಕಡ್ಡಿ ಗೀರಿದರು. ಕೂದಲು ಸುಟ್ಟ ವಾಸನೆ ಹೊಡೆಯಿತು. “ರೇಷ್ಮೆ. ಗೂಡಿನ ಮೇಲಿನ ಜುಂಗು. ಇಲ್ಲಿ ಗಾಳಿ ಎಳ್ಕೊಳ್ಳೋ ಕಡೆ ಒಂದು ಸ್ಪಂಜ್ ಇರ್ಬೇಕು, ಅದು ಹರಿದೋಗಿದೆ. ನಿಮ್ಮನೇಲಿ ಗೂಡಿನ ಕೆಲಸ ಇದೆಯಾ?”

“ಇಲ್ಲ,” ಎಂದೆ. ಅವರೇ ಎಲ್ಲಿಂದಲೋ ತಂದಿಟ್ಟು ಎಳೆದರೇನೋ ಎಂಬ ಅನುಮಾನವೂ ಒಂದು ಕ್ಷಣ ಬಂದುಹೋಯಿತು.

ನಯಾಜ್ ನಂಬರ್ ಪ್ಲೇಟ್ ನೋಡಿದರು. “ಈ ಗಾಡಿ ನಂಗೊತ್ತು ಮೇಡಂ. ಹಿಂದಿನ ಬೀದೀಲಿ ನಾರಾಯಣಮ್ಮನ ಶೆಡ್‌ನಲ್ಲಿ ನಿಂತಿರುತ್ತೆ, ವಾರದಲ್ಲಿ ಮೂರು ದಿನ. ಫಿಟರ್ ವೆಂಕಟೇಶಪ್ಪ ತರ್ತಾರಲ್ಲ.”

ವೆಂಕಟೇಶಪ್ಪ ಎಂದರೆ ನನ್ನ ಗಂಡನೇ. ಆ ಹೆಂಗಸಿನ ಹೆಸರು ನಾನು ಕೇಳಿದ್ದು ಅದೇ ಮೊದಲು. ಸಂಜೆ ನಾನು ಮನೆಗೆ ಬರುವಷ್ಟರಲ್ಲಿ ಅವರ ಸ್ನಾನ ಆಗಿರುತ್ತಿದ್ದುದು, ಇಡೀ ದಿನ ಮನೆಯಲ್ಲೇ ಇದ್ದೆ ಎನ್ನುತ್ತಿದ್ದುದು, ಖಾಲಿಯಾಗುತ್ತಿದ್ದ ಪೆಟ್ರೋಲು, ಎಲ್ಲ ಒಟ್ಟಿಗೇ ತಲೆಗೆ ಬಂತು. ಗಾಡಿಯನ್ನು ಅಲ್ಲೇ ಬಿಟ್ಟು ಹಿಂದಿನ ಬೀದಿಗೆ ನಡೆದೆ.

ಶೆಡ್ಡಿನೊಳಗೆ ಬೇಯಿಸಿದ ಗೂಡಿನ ವಾಸನೆ ಮೂಗಿಗೆ ಅಡರಿತು. ಬಿಸಿನೀರಿನ ತೊಟ್ಟಿಗಳ ಮುಂದೆ ಐದಾರು ಹೆಂಗಸರು ನೂಲು ಬಿಚ್ಚುತ್ತಿದ್ದರು. ಬಾಗಿಲ ಬಳಿ ಗೂಡಿನ ರಾಶಿ, ಅದರ ಪಕ್ಕ ಸ್ಕೂಟರ್ ನಿಲ್ಲಿಸುವಷ್ಟು ಜಾಗ. ಎಪ್ಪತ್ತರ ಹತ್ತಿರದ ಅಜ್ಜಿಯೊಬ್ಬರು ರಾಶಿಯ ಮುಂದೆ ಕೂತು ಗೂಡು ಆರಿಸುತ್ತಿದ್ದರು. ಅವರೇ ನಾರಾಯಣಮ್ಮ.

“ರಾಮ್ಮಾ, ಯಾರು ಬೇಕು?” ಎಂದು ತೆಲುಗು ಬೆರೆಸಿ ಒಳಗೆ ಕರೆದರು.

“ನಾನು ವೆಂಕಟೇಶ್ ಅವರ ಹೆಂಡ್ತಿ.”

“ಅಯ್ಯೋ, ಕೂತ್ಕೊಳಮ್ಮ. ನೀನು ಟೀಚರಂತೆ. ಅವನು ಬಂದ್ಮೇಲೆ ನಮ್ ಮಿಷನ್ ಒಂದಿನಾನೂ ನಿಂತಿಲ್ಲ. ಕೂಲಿ ಕೊಟ್ರೆ, ನಿಮ್ಮತ್ರಾನೇ ಇರ್ಲಿ, ಆಮೇಲೆ ಇಸ್ಕೋತೀನಿ ಅಂತಾನೆ. ನಿಂಗೆ ಹೇಳಿಲ್ವಾ?”

ಹೇಳಲು ನನ್ನ ಗಂಡನಿಗೆ ಬಾಯಿ ಇರಲಿಲ್ಲ. ಆರು ವರ್ಷದ ಹಿಂದೆ ಬಟ್ಟೆ ಗಿರಣಿಯೊಂದರಲ್ಲಿ ಫಿಟರ್ ಆಗಿದ್ದಾಗ ಅವರ ಎಡಗೈಯ ಎರಡು ಬೆರಳು ಯಂತ್ರಕ್ಕೆ ಹೋದವು. ಆಸ್ಪತ್ರೆಯಲ್ಲಿ ನಮ್ಮ ಮಗಳ ತಲೆಯ ಮೇಲೆ ಅವರ ಕೈ ಇಡಿಸಿ, ಇನ್ನು ಯಾವ ಯಂತ್ರವನ್ನೂ ಮುಟ್ಟುವುದಿಲ್ಲ ಎಂದು ನಾನೇ ಆಣೆ ಮಾಡಿಸಿದ್ದೆ. ಅಂದಿನಿಂದ ಅವರು ಮನೆಯಲ್ಲೇ ಇದ್ದರು. ಇದ್ದರೆಂದು ನಾನು ತಿಳಿದಿದ್ದೆ.

ನೂಲು ಬಿಚ್ಚುವ ಹಲಗೆಯ ಕೆಳಗೆ ನೋಡಿದೆ. ಮೋಟಾರಿನಿಂದ ರಾಟೆಗೆ ಒಂದು ಬೆಲ್ಟು ರೊಯ್ಯನೆ ಓಡುತ್ತಿತ್ತು. ಅದಕ್ಕೆ ಮುಚ್ಚಳವಿರಲಿಲ್ಲ. ಪಕ್ಕದಲ್ಲೇ ಅವರ ಸ್ಪ್ಯಾನರುಗಳು ಸಾಲಾಗಿದ್ದವು, ಮನೆಯಿಂದ ತಂದವು. ತಿರುಗಿ ಹೊರಗೆ ಬಂದೆ.

ಅಷ್ಟರಲ್ಲಿ ನಯಾಜ್ ಪುಲ್ಲಿ ಒರೆಸಿ ಹೊಸ ಸ್ಪಂಜು ಕೂರಿಸಿದ್ದರು. ಬೆಲ್ಟು ಅದೇ. ಚಿಂತಾಮಣಿಯ ದಾರಿಯುದ್ದಕ್ಕೂ ಗಾಡಿ ಸದ್ದೇ ಮಾಡಲಿಲ್ಲ. ಹಿಂದಿರುಗಿಬಿಡೋಣ ಎಂದು ಎರಡು ಸಲ ನಿಲ್ಲಿಸಿದೆ. ಆದರೂ ವಿಮಲಳಿಗೆ ಮುಖ ತೋರಿಸದೆ ಹೋಗುವ ಹಾಗಿರಲಿಲ್ಲ.

ಅವಳ ಮನೆಯ ಟೀಪಾಯಿಯ ಮೇಲೆ ಬಿಲ್ಲೂ ಇತ್ತು, ಕಾಗದದಲ್ಲಿ ಸುತ್ತಿಟ್ಟ ಹಳೆಯ ಬೆಲ್ಟೂ ಇತ್ತು.

“ಬೇಡ ವಿಮಲಾ. ತಪ್ಪು ನನ್ನದೇ,” ಎಂದೆ.

“ನೋಡು. ಕರೆದಿದ್ದೇ ಅದಕ್ಕೆ.”

ಓದಿದೆ. ದಿನಾಂಕ ಅವಳು ಹೇಳಿದ ಹಾಗೇ, ಗಾಡಿ ಮಾರುವ ಸ್ವಲ್ಪ ಮುಂಚಿನದು. ಅವರೆಕಾಳು ಸಾರು, ಮುದ್ದೆ ಬಡಿಸಿದಳು, ಆದರೆ ಜೊತೆಗೆ ಕೂರಲಿಲ್ಲ. ಶೆಡ್ಡಿನ ವಿಷಯವನ್ನೆಲ್ಲ ಹೇಳಿದೆ. ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ ಕೇಳಿ, ಕೊನೆಗೆ, “ಮನೆಗೆ ಹೋಗಿ ಮೊದ್ಲು ಅವರನ್ನ ಕೇಳು. ಬೈಯೋದು ಆಮೇಲೆ. ನನ್ನ ಹತ್ರ ಬಿಲ್ ಕೇಳ್ದೆ, ಏನಾಯ್ತು ಅಂತ ಕೇಳ್ಲೇ ಇಲ್ಲ,” ಎಂದಳು. ಬೀದಿಯ ತಿರುವಿನವರೆಗೂ ಬಂದು ಕಳಿಸಿಕೊಡುವುದು ಅವಳ ಅಭ್ಯಾಸ. ಆ ದಿನ ಬಾಗಿಲಲ್ಲೇ ನಿಂತಳು.

ವಾಪಸು ಬರುವಾಗ ಶಿಡ್ಲಘಟ್ಟದಲ್ಲಿ ಮತ್ತೆ ಆ ಶೆಡ್ಡಿಗೆ ಹೋದೆ. “ನಾರಾಯಣಮ್ಮನವರೇ, ಈ ಬೆಲ್ಟಿಗೆ ಜಾಲರಿ ಹಾಕಿಸಿ. ಹಾಕಿಸೋವರೆಗೂ ಅವರು ಬರಲ್ಲ,” ಎಂದೆ. ಅವರು ನನ್ನನ್ನೂ ಬೆಲ್ಟನ್ನೂ ನೋಡಿ, “ಆಗ್ಲಮ್ಮ,” ಎಂದರು. ಒಪ್ಪಿದರೋ, ಸಾಗಹಾಕಿದರೋ ತಿಳಿಯಲಿಲ್ಲ.

ಐದು ಗಂಟೆಗೆ ಮನೆ ಸೇರಿದೆ. ವೆಂಕಟೇಶ್ ಗೇಟು ತೆಗೆದು, ಗಾಡಿ ಸದ್ದಿಲ್ಲದೆ ಒಳಗೆ ಬಂದುದನ್ನು ನೋಡಿ, ತಲೆ ತಗ್ಗಿಸಿದರು. “ನಾರಾಯಣಮ್ಮ ಫೋನ್ ಮಾಡಿದ್ರು,” ಎಂದರು.

“ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಬೇಡ ಅಂತಿದ್ದೆ.” ಗೇಟು ಹಾಕುತ್ತಾ, “ಸುಮ್ನೆ ಕೂತು ಕೂತು ನಂಗೆ ಹುಚ್ಚು ಹಿಡಿಯೋ ಹಾಗಾಗಿತ್ತು ಸರೋಜಾ,” ಎಂದರು.

ಬೇಡ ಎನ್ನುತ್ತಿದ್ದುದು ನಿಜ. ಬೈಯಲು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ಬದಿಗಿಟ್ಟೆ. ಕಾಫಿಗೆ ಹಾಲಿಟ್ಟೆ.

“ಜಾಲರಿ ಹಾಕಿಸ್ತಾರಂತಾ?”

“ಗುರುವಾರ ಅಂದ್ರು. ನಾನೇ ಅಳತೆ ತಗೊಂಡು ಕೂರಿಸ್ಬೇಕು.”

“ಕೂರಿಸೋವಾಗ ಮೋಟಾರು ನಿಲ್ಲಿಸಿರ್ತಾರಾ?”

“ನಿಲ್ಸ್ತಾರೆ.”

ಅವರ ಮಾತನ್ನು ಪೂರ್ತಿ ನಂಬುವುದು ನನ್ನಿಂದಾಗಲಿಲ್ಲ. ಸೋಮವಾರ ಶಾಲೆಗೆ ಹೋದವಳೇ, ಅವರ ಜೊತೆ ಶೆಡ್ಡಿಗೆ ಹೋಗಲು ಗುರುವಾರಕ್ಕೆ ರಜೆಯ ಅರ್ಜಿ ಬರೆದುಕೊಟ್ಟೆ.