ಕಾಕು ಟಾಂಗಾ ಬಿಡಿಸಿದ ವರ್ಷ

ಮೊನ್ನೆ ಪಕ್ಕದ ಮನೆಯಿಂದ ಬಿಸಿ ರೊಟ್ಟಿಯ ಮೇಲೆ ತುಪ್ಪ ಕರಗುವ ವಾಸನೆ ಬಂದದ್ದೇ ತಡ, ಆಳಂದದಲ್ಲಿ ಕೂತವಳು ಎಂಬತ್ತರ ದಶಕದ ಅಫಜಲಪುರಕ್ಕೆ ಹೋಗಿಬಿಟ್ಟೆ. ಅಲ್ಲಿ ನಮ್ಮ ತುಂಬು ಮನೆ, ಬಜಾರದಲ್ಲಿ ಕಾಳಿನ ಅಂಗಡಿ. ಮನೆಯ ತುಪ್ಪವೆಲ್ಲ ಚಿಕ್ಕಪ್ಪನ ಮಗಳು ನೀಲಾಳ ತಾಟಿಗೇ. ನಾನೂ ಅವಳ ವಯಸ್ಸಿನವಳೇ. ಆದರೆ ಎಷ್ಟು ತಿಂದರೂ ಮೈಹತ್ತದ ನನಗೆ ಬಡಿಸಿ ಫಲವಿಲ್ಲವೆಂದು ಎಲ್ಲರೂ ಆಗಲೇ ತೀರ್ಮಾನಿಸಿದ್ದರು.

ನೀಲಾಳಿಗಿಂತ ಮೊದಲು ಹುಟ್ಟಿದ ಎರಡು ಕೂಸುಗಳು ಸೊರಗಿ ತೀರಿಕೊಂಡಿದ್ದವು. ಹಾಗಾಗಿ ಚಿಕ್ಕಮ್ಮನಿಗೆ (ನಾವು ಕಾಕು ಎನ್ನುತ್ತಿದ್ದೆವು) ಸಣಕಲು ಮೈ ಎಂದರೆ ಸಾವೇ. ಮಗಳು ಅತ್ತರೆ ಪೇಡೆ, ನಕ್ಕರೆ ಬಿಸ್ಕಿಟು. ಕೂಗಳತೆಯ ಶಾಲೆಗೂ ಟಾಂಗಾ. ಬಂದವರೆಲ್ಲ ಅವಳ ದುಂಡು ಗಲ್ಲ ಹಿಂಡಿ, "ಸಾವಕಾರ್ರ ಮನಿ ಕೂಸು ಅಂದ್ರ ಹಿಂಗಿರಬೇಕ ನೋಡ್ರಿ" ಎಂದರೆ ಅಜ್ಜಿ ಹಿಗ್ಗುತ್ತಿದ್ದಳು. ನೀಲಾ ಮಾತ್ರ ಖೋಖೋ ಆಡುವವರ ಚಪ್ಪಲಿ ಕಾಯುತ್ತ ಕೂರುತ್ತಿದ್ದಳು.

ಒಂದು ದಿನ ಅವಳೂ ಆಟಕ್ಕಿಳಿದಳು. ಓಡಿದಳು, ನಡುವೆಯೇ ಉಸಿರು ಸಿಗದೆ ಕುಸಿದಳು. ನಾನು ಓಡಿಹೋಗಿ ಕಾಕುವನ್ನು ಕರೆತಂದೆ. ದವಾಖಾನೆಯ ಡಾಕ್ಟರು ಎದೆ ಪರೀಕ್ಷಿಸಿ, "ರೋಗ ಏನೂ ಇಲ್ರಿ ತಂಗಿ. ಉಣಿಸೂದು ಹೆಚ್ಚಾಗ್ಯಾದ, ಓಡ್ಯಾಡೂದು ಇಲ್ಲ. ಹಿಂಗ ಬಿಟ್ರ ಮುಂದ ರೋಗ ತಾನೇ ಬರ್ತದ" ಎಂದರು.

ಕಾಕು ಆ ಸಂಜೆ ಪೇಡೆಯ ಡಬ್ಬಿಯನ್ನು ಮೇಲಿನ ಹಲಗೆಗೆ ಏರಿಸಿದಳು. ಮರುದಿನ ಟಾಂಗಾದವನಿಗೆ "ಇನ್ನ ಬರಬ್ಯಾಡಪ್ಪ" ಎಂದವಳೇ ಸೆರಗು ಹೊದ್ದು ಮಗಳ ಕೈ ಹಿಡಿದಳು.

"ಏನ್ಬೇ, ನಮ್ಮ ಮನಿ ಸೊಸಿ ಬಜಾರದಾಗ ನಡಕೋತ ಹೋಗೂದಾ? ಮಂದಿ ಏನಂದಾರು?" ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

"ಎರಡು ಕೂಸು ಹೋದಾಗ ಮಂದಿ ಅತ್ತು ತಮ್ಮ ಮನಿಗಿ ಹೋದ್ರು, ಅತ್ತಿ. ಇದೊಂದನ್ನ ನಾ ಉಳಿಸ್ಕೋತೇನಿ."

ಅಜ್ಜಿ ಸರಿದು ನಿಂತಳು.

ನೀಲಾ ಅಂಗಡಿಕಟ್ಟೆ ಕಂಡಲ್ಲೆಲ್ಲ ಕೂತಳು. ಕಾಕುವೂ ಕೂತಳು, ಅವಳಿಗೂ ಏದುಸಿರು. ಸಂಜೆ ಪೇಡೆಯ ಬದಲು ಹೆಸರುಕಾಳಿನ ಉಸಳಿ, ಸೌತೆಕಾಯಿ. ಮಗಳು ಅತ್ತು ರಂಪ ಮಾಡಿದಳು. ಕಾಕು ಒಲೆಯ ಮುಂದೆ ಅವಳಿಗಿಂತ ಹೆಚ್ಚು ಅತ್ತಳು, ಆದರೆ ಪೇಡೆಯ ಡಬ್ಬಿ ಕೆಳಗಿಳಿಸಲಿಲ್ಲ. ಅದನ್ನು ಖಾಲಿ ಮಾಡುವ ಭಾರವನ್ನು ನಾನೇ ಹೊತ್ತೆ.

ನೀಲಾ ಕಡ್ಡಿಯಾಗಲಿಲ್ಲ, ದುಂಡಗೇ ಬೆಳೆದಳು. ಆದರೆ ಮರುವರ್ಷ ಖೋಖೋದಲ್ಲಿ ನನ್ನನ್ನು ಅಟ್ಟಿಸಿಕೊಂಡು ಬಂದು, ಬೆನ್ನಿಗೊಂದು ಗುದ್ದಿ ಔಟು ಮಾಡಿದಳು. ಈಗ ಜೇವರ್ಗಿಯಲ್ಲಿ ಶಾಲೆಯ ಟೀಚರು. ಆಟದ ಪಿರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಡುವುದಿಲ್ಲ.

ನಾನು ಈ ವಾರದಿಂದ ಮೊಮ್ಮಗಳನ್ನು ಶಾಲೆಗೆ ನಡೆಸಿಕೊಂಡೇ ಹೋಗುತ್ತಿದ್ದೇನೆ. ದಾರಿಯುದ್ದಕ್ಕೂ ಗೊಣಗುತ್ತಾಳೆ. ಗೊಣಗಲಿ, ನಡೆಯುತ್ತ ಗೊಣಗುವಷ್ಟು ಉಸಿರಿದೆಯಲ್ಲ.