ಅವ್ವನ ಮುಂಗೈಯಲ್ಲಿ ಸಿಗದ ಆಕ್ಸಿಜನ್

ಅವ್ವ ನ್ಯುಮೋನಿಯಾದಿಂದ ಚೇತರಿಸಿಕೊಂಡ ಮೇಲೆ, ಇನ್ನೂ ಕೆಲವು ತಿಂಗಳು ಆಕ್ಸಿಜನ್ ಮೇಲೆ ಕಣ್ಣಿಡಬೇಕೆಂದು ಡಾಕ್ಟರು ಹೇಳಿದ್ದರು. ಅವಳಿದ್ದದ್ದು ತಿಕೋಟಾದಲ್ಲಿ, ಅಣ್ಣನ ಮನೆಯಲ್ಲಿ. ನನ್ನ ನೌಕರಿ ವಿಜಯಪುರದಲ್ಲಿ. ಗಾಂಧಿ ಚೌಕದ ಅಂಗಡಿಯೊಂದರಲ್ಲಿ ಸ್ಮಾರ್ಟ್‌ವಾಚ್ ಕೊಂಡು, ವೈನಿಯ, ಅಂದರೆ ಅಣ್ಣನ ಹೆಂಡತಿಯ, ಫೋನಿಗೆ ಜೋಡಿಸಿ, ಅವ್ವನ ಕೈಗೆ ಕಟ್ಟಿ ಬಂದೆ. ಅವಳು ಮಲಗಿದ್ದಾಗ ವಾಚು ತಾನೇ ಅಳೆಯುತ್ತದೆ, ಬೆಳಿಗ್ಗೆ ವೈನಿ ಫೋನಿನಲ್ಲಿ ಬಂದ ಅಂಕಿಗಳ ಫೋಟೊ ಕಳಿಸುತ್ತಾಳೆ, ನಾನು ನಿಶ್ಚಿಂತೆಯಿಂದ ಆಫೀಸಿಗೆ ಹೋಗಬಹುದು ಅಂದುಕೊಂಡಿದ್ದೆ.

ಮೊದಲ ಫೋಟೊದಲ್ಲಿ ನಡೆದ ಹೆಜ್ಜೆಗಳಿದ್ದವು, ನಾಡಿಬಡಿತ ಅಷ್ಟಿಷ್ಟು ಇತ್ತು. ಆಕ್ಸಿಜನ್ ಜಾಗದಲ್ಲಿ ಬರೀ ಒಂದು ಗೀಟು. ಮರುದಿನವೂ ಅದೇ. ಅದನ್ನು ಕಂಡ ತಕ್ಷಣ ಫೋನ್ ಮಾಡಿ ಅವ್ವನ ದನಿ ಕೇಳಬೇಕು, ಆಮೇಲೆ ವೈನಿಯ ಮೇಲೆ ರೇಗಬೇಕು. ಪಟ್ಟಿ ಬಿಗಿ ಮಾಡು ಎಂದೆ, ಆಫ್ ಮಾಡಿ ಆನ್ ಮಾಡು ಎಂದೆ, ಸೆಟ್ಟಿಂಗ್ ಒಂದೊಂದಾಗಿ ಓದಿಸಿದೆ. ಎಲ್ಲವೂ ಸರಿಯಾಗಿಯೇ ಇತ್ತು. ಅಂಗಡಿಯವನು ಕೈ ತಣ್ಣಗಿದ್ದರೆ ಹೀಗಾಗುತ್ತದೆ ಎಂದು ಸಾಗಹಾಕಿದ.

ಕಡೆಗೊಂದು ದಿನ ವೈನಿಯ ತಾಳ್ಮೆಯೂ ಮುಗಿಯಿತು.

"ನೀನ ಬಂದು ಕಟ್ಟು. ನನಗೂ ಸಾಕಾಗೇತಿ" ಎಂದು ಫೋನ್ ಇಟ್ಟಳು.

ಭಾನುವಾರ ಬಸ್ಸು ಹಿಡಿದು ಹೋದೆ. ವಾಚನ್ನು ಮೊದಲು ನನ್ನ ಕೈಗೆ ಕಟ್ಟಿಕೊಂಡರೆ ಅಂಕಿ ಥಟ್ಟನೆ ಬಂತು. ಅವ್ವನ ಕೈಗೆ ಕಟ್ಟಿ, ಕೈಯನ್ನು ದಿಂಬಿನ ಮೇಲಿಟ್ಟು, ಅಲುಗಾಡಬೇಡ ಎಂದೆ. ಬರಲಿಲ್ಲ. ಮತ್ತೆ ಕಟ್ಟಿದೆ, ಮತ್ತೆ ಬಿಚ್ಚಿದೆ. ಸಿಟ್ಟಿನಲ್ಲಿ ಕಿತ್ತು ತೆಗೆಯುವಾಗ ವಾಚಿನ ಹೊಟ್ಟೆಯ ಕೆಂಪು ಬೆಳಕು ಅವಳ ಮುಂಗೈ ಮೇಲೆ ಬಿತ್ತು. ಅಲ್ಲಿ ಒತ್ತೊತ್ತಾಗಿ ಹಸಿರು ಹಚ್ಚೆ.

ಟ್ಯಾಟೂ ಇದ್ದಲ್ಲಿ ಬೆಳಕು ಒಳಗೆ ಹಾಯದೆ ಅಳತೆ ತಪ್ಪಬಹುದು ಎಂದು ಫೋನಿನಲ್ಲಿ ನಾನೇ ಓದಿದ್ದೆ. ಟ್ಯಾಟೂ ಎಂದರೆ ಕಾಲೇಜು ಹುಡುಗರ ಶೋಕಿ ಎಂದು ಮುಂದಕ್ಕೆ ಸರಿಸಿದ್ದೆ. ಹುಟ್ಟಿದಾಗಿನಿಂದ ಕಂಡ ಅವ್ವನ ಹಚ್ಚೆ ನೆನಪಿಗೇ ಬಂದಿರಲಿಲ್ಲ.

ಬಲಗೈ ಕೊಡು ಎಂದೆ.

"ಆ ಕೈಯಾಗೂ ಐತಿ" ಎಂದು ಬಳೆ ಸರಿಸಿ ತೋರಿಸಿದಳು. "ಹಚ್ಚಿ ಹಾಕ್ಸೋಮುಂದ ನನ್ನ ತಂಗಿ ಸೂಜಿ ನೋಡಿ ಅಳಾಕತ್ತಿದ್ಲು. ಅಕಿ ಅಂಜಬಾರ್ದಂತ ಮೊದಲ ನಾ ಎರಡೂ ಕೈ ಕೊಟ್ಟೆ. ಈಗ ಅಳಸಾಕ ಬರ್ತೈತೇನವ್ವಾ?"

ತಪ್ಪು ಯಾರದೂ ಅಲ್ಲ ಎಂಬುದೇ ನನ್ನನ್ನು ಇನ್ನಷ್ಟು ಕೆರಳಿಸಿತು. ಇಷ್ಟು ದಿನ ವೈನಿಯ ಮೇಲೆ ಕೂಗಾಡಿದ್ದೆಲ್ಲ ದಂಡ. ಔಷಧಿ ಅಂಗಡಿಗೆ ಹೋಗಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ತಂದೆ. ಅಂಕಿ ನಿಲ್ಲುವ ಮೊದಲೇ ಅವ್ವ ಬೆರಳು ಎಳೆದುಕೊಳ್ಳುತ್ತಿದ್ದಳು. ಗದರಿಸಿ ಕೂಡಿಸಿದೆ. ತೊಂಬತ್ತಾರು ಬಂತು, ಸರಿಯಾಗಿಯೇ ಇತ್ತು.

"ಈಗರ ಏಳ್ಲ್ಯಾ?" ಎಂದಳು ಅವ್ವ. ಬೆಳಿಗ್ಗೆಯಿಂದ ಅವಳನ್ನು ಅಲುಗಾಡಗೊಡದೆ ಕೂಡಿಸಿಕೊಂಡಿದ್ದೆ. ಆಕೆ ಎದ್ದು ಒಳಗೆ ಹೋದಳು. ವೈನಿ ಊಟದ ತಾಟು ತಂದು ನನ್ನ ಮುಂದೆ ಕುಕ್ಕಿ, ಮುಖ ನೋಡದೆ ಒಳಗೆ ಹೋದಳು.